ಪ್ಲಗ್ ತೆಗೆದು ಹತ್ತು ನಿಮಿಷ

ಸಂಬಂಧಪಟ್ಟ ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಅವರನ್ನು ಮೇಸ್ತ್ರಿ ಅಂತಲೇ ಕರೆಯೋಣ. ವಿಜಯಪುರದ ಕಡೆಯವರು, ಪುಣೆಗೆ ಬಂದು 20 ವರ್ಷದ ಮೇಲಾಗಿದೆ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಿಂದ ಮರ ತಂದು ಕುರ್ಚಿ, ಮಂಚ, ದೇವರ ಮಂಟಪ ಮಾಡಿಕೊಡುವ ಸಣ್ಣ ವರ್ಕ್‌ಶಾಪ್ ಅವರದು. ಅಕ್ಕನ ಮಗನನ್ನು ಕೆಲಸ ಕಲಿಯಲಿ ಅಂತ ಊರಿಂದ ಕರೆಸಿಕೊಂಡಿದ್ದರು. ಹುಡುಗನಿಗೆ 19 ವರ್ಷ.

ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ ಬಂದಾಗ ಅವರು ಹೇಳಿದ್ದು ನಿದ್ದೆಯ ವಿಷಯ ಮಾತ್ರ. "ರಾತ್ರಿ ಆ ಸದ್ದು ಕೇಳಸ್ತೈತ್ರಿ ಮೇಡಂ. ಎದ್ದು ಕುಂದರ್ತೀನಿ." ಯಾವ ಸದ್ದು ಅಂದೆ. ಉತ್ತರ ಬರಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ, ಮರ ಕೊಯ್ಯುವ ಬ್ಯಾಂಡ್‌ಸಾ ಮಷೀನಿನದು ಅಂದರು.

ಐದು ವಾರದ ಹಿಂದೆ ಹುಡುಗನ ಹೆಬ್ಬೆರಳಿಗೆ ಬ್ಲೇಡ್ ತಗುಲಿತ್ತು. ಬೆರಳು ಉಳಿಯಿತು, ಆರು ಹೊಲಿಗೆ ಬಿದ್ದವು. ಅವತ್ತಿನಿಂದ ಮೇಸ್ತ್ರಿ ಆ ಮಷೀನಿನ ಸ್ವಿಚ್ ಮುಟ್ಟಿರಲಿಲ್ಲ. ಬಾಗಿದ ತುಂಡುಗಳನ್ನೆಲ್ಲ ಹೊರಗೆ ಕೊಟ್ಟು ಕೊಯ್ಯಿಸುತ್ತಿದ್ದರು. ಹುಡುಗನ ಮೇಲೆ ಸುಮ್ಮಸುಮ್ಮನೆ ಸಿಡುಕುತ್ತಿದ್ದರು. ಊರಲ್ಲಿ ಅಕ್ಕನಿಗೆ "ಸಣ್ಣ ಗಾಯ" ಅಂತಷ್ಟೇ ಹೇಳಿದ್ದರು.

ನನಗೆ ಬ್ಯಾಂಡ್‌ಸಾ ಅಂದರೆ ಏನು ಅಂತ ಸರಿಯಾಗಿ ಗೊತ್ತಿರಲಿಲ್ಲ. ಕಲಿಸಿಕೊಡಿ ಅಂದೆ. ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಮಗುಚಿ ಪೆನ್ಸಿಲ್ ಕೊಟ್ಟೆ. ಮೇಲೊಂದು, ಕೆಳಗೊಂದು ಚಕ್ರ ಬರೆದರು. ಎರಡನ್ನೂ ಸುತ್ತಿಕೊಂಡು ಓಡುವ ಉದ್ದನೆಯ ಬ್ಲೇಡ್, ನಡುವೆ ಟೇಬಲ್, ಟೇಬಲ್ ಮೇಲೆ ಕೆಳಗೆ ಬ್ಲೇಡನ್ನು ಹಿಡಿದಿಡುವ ಗೈಡ್. ಬರೆಯುವಾಗ ಕೈ ಸ್ವಲ್ಪವೂ ನಡುಗಲಿಲ್ಲ. ಗೈಡಿನ ಹತ್ತಿರ ಬಂದಾಗ ಪೆನ್ಸಿಲ್ ನಿಂತಿತು.

"ಇದು ಮ್ಯಾಲಿತ್ರಿ. ಮುಂಜಾನೆ ನಾ ದಪ್ಪ ತೊಲಿ ಕೊಯ್ದಿದ್ದೆ. ಇಳಸಲಿಲ್ಲ."

ಮೇಲಿನ ಗೈಡನ್ನು ಮರಕ್ಕಿಂತ ಕಾಲು ಇಂಚು ಮೇಲೆ ಇರುವಂತೆ ಇಳಿಸಬೇಕು. ಬ್ಲೇಡ್ ಅಷ್ಟು ಮಾತ್ರ ಹೊರಗೆ ಕಾಣಬೇಕು. ಅವತ್ತು ಹುಡುಗ ಒಂದು ಇಂಚಿನ ಹಲಗೆ ಕೊಯ್ಯುತ್ತಿದ್ದ. ಅದರ ಮೇಲೆ ಏಳೆಂಟು ಇಂಚು ಬ್ಲೇಡ್ ಬರಿದಾಗಿ ಓಡುತ್ತಿತ್ತು. ಅದೂ ಮೊಂಡಾಗಿದ್ದ ಬ್ಲೇಡ್. ಮೊಂಡು ಬ್ಲೇಡಿಗೆ ಮರವನ್ನು ಜೋರಾಗಿ ತಳ್ಳಬೇಕಾಗುತ್ತದೆ. ಕೊನೆಯಲ್ಲಿ ಮರ ಒಮ್ಮೆಲೇ ಸೀಳಿ ಹೋದಾಗ ತಳ್ಳುತ್ತಿದ್ದ ಕೈ ಮುಂದಕ್ಕೆ ಜಾರುತ್ತದೆ. ಹುಡುಗನ ಹೆಬ್ಬೆರಳು ಬ್ಲೇಡಿನ ಎದುರಿಗೇ ಇತ್ತು. ಬ್ಲೇಡ್ ಬದಲಿಸೋಣ ಅಂತ ಹಿಂದಿನ ದಿನವೇ ಅವನು ಕೇಳಿದ್ದನಂತೆ. ಆರ್ಡರ್ ಅರ್ಜೆಂಟ್ ಇತ್ತು. "ನಾಳೆ ನೋಡೋಣ" ಅಂದಿದ್ದರು ಮೇಸ್ತ್ರಿ.

ಈಗ ಸದ್ದಿನ ಹಿಂದೆ ಏನಿದೆ ಅಂತ ನನಗೆ ತಿಳಿಯಿತು. ನಿಮ್ಮ ತಪ್ಪೇನೂ ಇಲ್ಲ ಅಂತ ನಾನು ಹೇಳಲಿಲ್ಲ. ಹಾಗೆ ಹೇಳಿದ್ದರೆ ಅವರು ನಂಬುತ್ತಲೂ ಇರಲಿಲ್ಲ. ಗೈಡ್ ಇಳಿಸದ್ದು, ಬ್ಲೇಡ್ ಬದಲಿಸದ್ದು, ಈ ಎರಡು ನಿಮ್ಮವು ಅಂದೆ. ಎರಡನ್ನೂ ಸರಿಮಾಡಬಹುದು. ಆದರೆ ಹುಡುಗನ ಬದುಕನ್ನೇ ಹಾಳುಮಾಡಿದೆ ಅನ್ನುವುದು ನಿಮ್ಮ ನಿದ್ದೆಗೆಟ್ಟ ತಲೆ ಕಟ್ಟಿದ ಮಾತು. ಅವನು ಬೆರಳು ಮಡಚುತ್ತಾನೆ, ಮೊಳೆ ಹಿಡಿಯುತ್ತಾನೆ, ನಿಮ್ಮ ಮುಂದೆಯೇ ಊಟ ಮಾಡುತ್ತಾನೆ ಅಲ್ವಾ?

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಭಯಕ್ಕೆ ನಾವು ಸಾಮಾನ್ಯವಾಗಿ ಕೊಡುವ ಸಲಹೆ, ಹೆದರುವ ವಸ್ತುವಿನ ಹತ್ತಿರ ಸ್ವಲ್ಪ ಸ್ವಲ್ಪವೇ ಹೋಗಿ ಅನ್ನುವುದು. ಲಿಫ್ಟಿನ ಭಯ ಇದ್ದವರು ನಡುಗುತ್ತಲೇ ಲಿಫ್ಟ್ ಹತ್ತಬಹುದು. ಬ್ಯಾಂಡ್‌ಸಾ ಮುಂದೆ ಹಾಗಲ್ಲ. ನಡುಗುವ ಕೈ ಅಲ್ಲಿ ನಿಜಕ್ಕೂ ಅಪಾಯ. ಹಾಗಾಗಿ ಒಂದು ಕಟ್ಟುನಿಟ್ಟು ಮಾಡಿದೆ. ಸೊನ್ನೆಯಿಂದ ಹತ್ತರವರೆಗೆ ಭಯಕ್ಕೆ ಅಂಕ ಕೊಡಿ. ಮೂರಕ್ಕಿಂತ ಜಾಸ್ತಿ ಇದ್ದ ದಿನ ಮರ ಕೊಯ್ಯುವುದು ಬೇಡ. ನಿದ್ದೆ ಇಲ್ಲದ ರಾತ್ರಿಯ ಮರುದಿನವೂ ಬೇಡ, ಮಾತ್ರೆ ಅಥವಾ ಕುಡಿತದ ಮರುದಿನವಂತೂ ಬೇಡವೇ ಬೇಡ.

ಮೊದಲ ವಾರ ಪ್ಲಗ್ ತೆಗೆದು ಮಷೀನಿನ ಹತ್ತಿರ ದಿನಕ್ಕೆ ಹತ್ತು ನಿಮಿಷ ನಿಲ್ಲಬೇಕಿತ್ತು, ಅಷ್ಟೇ. ಮೊದಲ ದಿನ ಏಳು ಅಂಕ ಬರೆದಿದ್ದರು. ಮೂರನೇ ದಿನ ಸುಮ್ಮನೆ ನಿಲ್ಲಲಾಗದೆ ಮಷೀನಿನ ಬಾಗಿಲು ತೆಗೆದು ಒಳಗಿನ ಮರದ ಪುಡಿ ಗುಡಿಸಿದರು. ಅಂಕ ಐದಕ್ಕಿಳಿಯಿತು.

ಎರಡನೇ ವಾರ ಬ್ಲೇಡ್ ಬದಲಿಸುವುದು, ಆದರೆ ಒಬ್ಬರೇ ಅಲ್ಲ. ಹುಡುಗನಿಗೆ ಕಲಿಸುತ್ತಾ ಮಾಡಿ ಅಂದೆ. ಈ ಸಲಹೆ ಕೊಡುವ ಮುಂಚೆ ನಾನು ತುಂಬಾ ಯೋಚಿಸಿದ್ದೆ. ಇಬ್ಬರ ನಡುವೆ ಮಾತೇ ನಿಂತಿತ್ತು. ಕೆಲಸದ ಮಾತಿಂದಲೇ ಅದು ಮತ್ತೆ ಶುರುವಾಗಲಿ ಅನ್ನಿಸಿತು. ಗಾಯ ಆದವನಿಗೂ ಆ ಮಷೀನ್ ಮತ್ತೆ ಪರಿಚಯ ಆಗಬೇಕಿತ್ತು.

ಅವತ್ತು ನಾನೂ ವರ್ಕ್‌ಶಾಪ್‌ಗೆ ಹೋಗಿದ್ದೆ. ಮೇಸ್ತ್ರಿ ಪ್ಲಗ್ ತೆಗೆದು ಹುಡುಗನ ಜೇಬಿಗೆ ವೈರಿನ ತುದಿ ಸಿಕ್ಕಿಸಿದರು. ಹೊಸ ಬ್ಲೇಡಿಗೆ ಬಿರುಕು ಇದೆಯಾ, ಬೆಸುಗೆ ಸರಿಯಾಗಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿದರು. ಹಲ್ಲು ಕೆಳಮುಖವಾಗಿ ಬರುವಂತೆ ಕೂರಿಸಿದರು. ಗೈಡ್‌ಗಳನ್ನು ಹಿಂದಕ್ಕೆ ಸರಿಸಿ, ಬ್ಲೇಡ್ ಬಿಗಿ ಮಾಡಿ, ಮೇಲಿನ ಚಕ್ರವನ್ನು ಕೈಯಿಂದಲೇ ತಿರುಗಿಸಿದರು. ಬ್ಲೇಡ್ ಚಕ್ರದ ನಡುವೆಯೇ ಓಡುತ್ತಿದೆ ಅಂತ ಖಾತ್ರಿಯಾದ ಮೇಲೇ ಗೈಡ್ ಕೂರಿಸಿದ್ದು. ಅಕ್ಕಪಕ್ಕ ಒಂದು ಕಾಗದ ಹಿಡಿಯುವಷ್ಟು ಸಂದು. ಬ್ಲೇಡಿಗೆ ಹಿಂದಿನಿಂದ ಆಸರೆ ಕೊಡುವ ಬೇರಿಂಗಿಗೂ ಬ್ಲೇಡಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಹಿಡಿಯುವಷ್ಟು. ಆ ಕಾರ್ಡನ್ನು ಸಂದಿಗೆ ತೂರಿಸಿದ್ದು ಹುಡುಗ, ಹೊಲಿಗೆಯ ಗುರುತಿದ್ದ ಅದೇ ಹೆಬ್ಬೆರಳಿಂದ. ಮೇಸ್ತ್ರಿ ಮುಖ ಆಚೆ ತಿರುಗಿಸಿಕೊಂಡರು. "ಇಳಸದ ಬಿಟ್ಟಿದ್ದು ನಾನಪ್ಪ. ನಿಂದೇನೂ ತಪ್ಪಿಲ್ಲ" ಅಂದರು. ಹುಡುಗ ಹೂಂ ಅಂದ. ಅಷ್ಟೇ ಮಾತು.

ಮೂರನೇ ವಾರ ಮಷೀನಿನ ಬಾಗಿಲು ಮುಚ್ಚಿ ಖಾಲಿ ಓಡಿಸಿದರು. ಸದ್ದು ಕೇಳುತ್ತಾ ನಿಲ್ಲುವುದು, ಅಂಕ ಇಳಿಯುವವರೆಗೆ ಕದಲದೆ ಇರುವುದು. ಸ್ವಿಚ್ ಆಫ್ ಮಾಡಿದ ಮೇಲೂ ಬ್ಲೇಡ್ ಸ್ವಲ್ಪ ಹೊತ್ತು ಓಡುತ್ತಲೇ ಇರುತ್ತದೆ. ಅದು ಪೂರ್ತಿ ನಿಲ್ಲುವ ತನಕ ತುಂಡು ತೆಗೆಯಲು ಕೈ ಚಾಚಬಾರದು. ಕಾಯುವ ಆ ಹೊತ್ತಲ್ಲಿ ಉಸಿರನ್ನು ನಿಧಾನವಾಗಿ ಬಿಡಿ ಅಂದಿದ್ದೆ. ನಾಲ್ಕನೇ ವಾರ ಹಳೆಯ ತುಂಡೊಂದನ್ನು ನೇರವಾಗಿ ಕೊಯ್ದರು. ಕೈಗವಸು ಇಲ್ಲ, ತೋಳು ಮೇಲಕ್ಕೆ ಮಡಚಿ, ಕೊನೆಯ ನಾಲ್ಕು ಇಂಚಿಗೆ ಕೋಲಿನಿಂದ ತಳ್ಳಿ.

ನಿದ್ದೆ ಅಷ್ಟು ಬೇಗ ಸರಿಹೋಗಲಿಲ್ಲ. ಘಟನೆ ಆಗಿ ತಿಂಗಳು ದಾಟಿದರೂ ಕೆಟ್ಟ ಕನಸು, ಕಣ್ಣೆದುರು ಅದೇ ದೃಶ್ಯ ಬರುತ್ತಿದ್ದರೆ ಮನೋವೈದ್ಯರನ್ನು ನೋಡಲೇಬೇಕು. ಮೇಸ್ತ್ರಿಯನ್ನೂ ಕಳಿಸಿದೆ, ಹೋದರು. ಪರ ಊರಲ್ಲಿ ಯಾರಿಗೆ ಹೇಳೋಣ ಅನ್ನುವವರು 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಕ್ಕನಿಗೆ ನಿಜ ಹೇಳುವುದಕ್ಕೆ ಇನ್ನೂ ಎರಡು ವಾರ ಬೇಕಾಯಿತು. ಫೋನಿನಲ್ಲಿ ಅವರು ಅತ್ತರಂತೆ, ಬೈದರಂತೆ. ಆಮೇಲೆ ದೀಪಾವಳಿಗೆ ಇಬ್ಬರೂ ಬರ್ರಿ ಅಂದರಂತೆ.

ಈಗ ವರ್ಕ್‌ಶಾಪಲ್ಲಿ ಬೆಳಗ್ಗೆ ಮಷೀನ್ ಸಿದ್ಧ ಮಾಡುವುದು ಹುಡುಗ. ಪ್ರತಿ ತುಂಡಿಗೂ ಗೈಡ್ ಇಳಿಸಿ, ಮರಕ್ಕೂ ಗೈಡಿಗೂ ನಡುವೆ ಬೆರಳಿನ ಬದಲು ಪೆನ್ಸಿಲ್ ಅಡ್ಡ ಇಟ್ಟು ಅಳೆದು, "ಮಾಮಾ, ನೋಡ್ರಿ" ಅನ್ನುತ್ತಾನೆ. ಮೇಸ್ತ್ರಿ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ನೋಡುತ್ತಾರೆ. ಆಮೇಲೇ ಪ್ಲಗ್ ಹಾಕುವುದು.