ಓದುಗರ ಪ್ರಶ್ನೆ: ಬೆಟ್ಟದಲ್ಲಿ ದಾರಿ ತಪ್ಪಿದವರನ್ನು ಡ್ರೋನ್‌ನಿಂದ ಹುಡುಕುವುದು

ಪ್ರಶ್ನೆ (ಚಿಕ್ಕಮಗಳೂರಿನಿಂದ): ನಮ್ಮ ಚಾರಣ ತಂಡದಲ್ಲಿ 249 ಗ್ರಾಂ ತೂಕದ ಡ್ರೋನ್ ಇದೆ. ಯಾರಾದರೂ ದಾರಿ ತಪ್ಪಿದರೆ ಅದರಿಂದ ಹುಡುಕಬಹುದೇ? ಎಷ್ಟು ಎತ್ತರದಲ್ಲಿ ಹಾರಿಸಬೇಕು?

ಉತ್ತರ: ಬಾಬಾಬುಡನ್‌ಗಿರಿಯಂಥ ಹುಲ್ಲುಗುಡ್ಡಗಳಲ್ಲಿ ಧಾರಾಳವಾಗಿ ಹುಡುಕಬಹುದು, ಗುಡ್ಡಗಳ ನಡುವಿನ ದಟ್ಟ ಶೋಲಾ ಕಾಡಿನೊಳಗೆ ಬಹುಮಟ್ಟಿಗೆ ಆಗದು. ಎರಡಕ್ಕೂ ಮೊದಲು 112ಕ್ಕೆ ಕರೆ ಮಾಡಿ. ‘ಒಂದು ಸುತ್ತು ನೋಡಿಬಿಡೋಣ, ಸಿಗದಿದ್ದರೆ ಕರೆ ಮಾಡೋಣ’ ಎನ್ನುತ್ತಾ ಕೂತರೆ ಬ್ಯಾಟರಿಯ ಜೊತೆಗೆ ಬೆಳಕೂ ಮುಗಿಯುತ್ತದೆ.

ಹೆಚ್ಚಿನವರು 100 ಮೀಟರ್ ಮೇಲಕ್ಕೇರಿಸಿ ಸುತ್ತಲೂ ತಿರುಗಿಸುತ್ತಾರೆ. ಚೆಂದದ ವಿಡಿಯೊ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ. ನೆಲದಿಂದ 40 ಮೀಟರ್ ಎತ್ತರದಲ್ಲಿ ಕ್ಯಾಮೆರಾವನ್ನು ನೇರ ಕೆಳಗೆ ತಿರುಗಿಸಿದರೆ, ಇಂಥ ಡ್ರೋನ್‌ಗಳ ಅಗಲ ಲೆನ್ಸಿಗೆ ಸುಮಾರು 60 ಮೀಟರ್ ಅಗಲದ ಪಟ್ಟಿ ಕಾಣುತ್ತದೆ. 4ಕೆ ವಿಡಿಯೊದಲ್ಲಿ ಒಂದು ಪಿಕ್ಸೆಲ್ (ಚಿತ್ರದ ಒಂದು ಚುಕ್ಕಿ) ಎಂದರೆ ಒಂದೂವರೆ ಸೆಂಟಿಮೀಟರ್ ನೆಲ; ಬಿದ್ದಿರುವ ನೀರಿನ ಬಾಟಲಿಯೂ ಗೊತ್ತಾಗುತ್ತದೆ. ಆದರೆ ಮೊಬೈಲ್ ಪರದೆಗೆ ಬರುವ ನೇರ ಚಿತ್ರ ಅಷ್ಟು ಸೂಕ್ಷ್ಮವಲ್ಲ, ಬಿಸಿಲಿನಲ್ಲಂತೂ ಅದೂ ಕಾಣದು. ಆದ್ದರಿಂದ ರೆಕಾರ್ಡ್ ಮಾಡುತ್ತಲೇ ಹಾರಿಸಿ. ಇಳಿಸಿ ಬ್ಯಾಟರಿ ಬದಲಿಸುವ ಹೊತ್ತಿಗೆ ಇನ್ನೊಬ್ಬರು ಮೆಮೊರಿ ಕಾರ್ಡನ್ನು ಲ್ಯಾಪ್‌ಟಾಪಿಗೋ ಟ್ಯಾಬ್ಲೆಟ್ಟಿಗೋ ಹಾಕಿ ನಿಧಾನವಾಗಿ ನೋಡಲಿ. ಹಾರಿಸುವವರೇ ಹುಡುಕುವವರೂ ಆದರೆ ಎರಡೂ ಕೆಡುತ್ತವೆ.

ಗದ್ದೆ ಉಳುವಂತೆ ಸಾಲು ಹಿಡಿದು, ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹೋಗಿ ಬನ್ನಿ. ಸಾಲಿಗೂ ಸಾಲಿಗೂ 45 ಮೀಟರ್ ಅಂತರ ಸಾಕು, ಅಂಚುಗಳು ಒಂದರ ಮೇಲೊಂದು ಬರಬೇಕು. 15 ನಿಮಿಷದಲ್ಲಿ ಸುಮಾರು 40 ಎಕರೆ ಮುಗಿಯುತ್ತದೆ. ಬೆಟ್ಟದ ಲೆಕ್ಕದಲ್ಲಿ ಇದು ಏನೇನೂ ಅಲ್ಲ. ಹಾಗಾಗಿ ಎಲ್ಲಿಂದ ಶುರು ಮಾಡುತ್ತೀರಿ ಎಂಬುದೇ ಮುಖ್ಯ: ವ್ಯಕ್ತಿಯನ್ನು ಕೊನೆಯ ಬಾರಿ ನೋಡಿದ ಜಾಗ, ಅಲ್ಲಿಂದ ಮುಂದಿನ ಕವಲುದಾರಿ, ಆಮೇಲೆ ಹಳ್ಳದ ಜಾಡು. ದಾರಿ ತಪ್ಪಿದವರು ನೀರು ಹುಡುಕಿಕೊಂಡು ಹಳ್ಳದಗುಂಟ ಇಳಿಯುವುದುಂಟು. ಘಟ್ಟದಲ್ಲಿ ಆ ಹಳ್ಳ ಹೋಗಿ ಜಲಪಾತದ ತಲೆಯ ಮೇಲೆ ನಿಲ್ಲುತ್ತದೆ. ಕಡಿದಾದ ಇಳಿಜಾರಿನಲ್ಲಿ ಮಾತ್ರ ಕ್ಯಾಮೆರಾವನ್ನು 45 ಡಿಗ್ರಿಗೆ ಎತ್ತಿ, ಗುಡ್ಡದ ಮೈಗೆ ಅಡ್ಡಲಾಗಿ ಹಾರಿಸಿ.

ನಡುನಡುವೆ ಡ್ರೋನ್ ಇಳಿಸಿ, ಎಲ್ಲರೂ ಸುಮ್ಮನಿದ್ದು ಸೀಟಿಗೆ ಕಿವಿಗೊಡಿ. ರೆಕ್ಕೆಯ ಸದ್ದಿನಲ್ಲಿ ಕೂಗು ಮುಚ್ಚಿಹೋಗುತ್ತದೆ.

ಕಂಡರೆ ಏನು ಮಾಡಬೇಕು? ದೂರದಿಂದ ತೆಗೆದ ಫೋಟೊದಲ್ಲಿ ದಾಖಲಾಗುವುದು ಡ್ರೋನ್ ಇದ್ದ ಜಾಗ, ವ್ಯಕ್ತಿ ಇದ್ದ ಜಾಗವಲ್ಲ. ಡ್ರೋನನ್ನು ಅವರ ನೆತ್ತಿಯ ಮೇಲೆ ತಂದು, ಕ್ಯಾಮೆರಾವನ್ನು ನೇರ ಕೆಳಗೆ ಮಾಡಿ ಫೋಟೊ ತೆಗೆಯಿರಿ. ಆ ಅಕ್ಷಾಂಶ ರೇಖಾಂಶವನ್ನು ಐದು ದಶಮಾಂಶ ಸ್ಥಾನದವರೆಗೆ ಓದಿ ಹೇಳಿ, ‘ಇದು ದಶಮಾಂಶ’ ಎಂದೂ ಸೇರಿಸಿ. 13.25 ಡಿಗ್ರಿಯನ್ನು 13 ಡಿಗ್ರಿ 25 ನಿಮಿಷ ಎಂದು ಬರೆದುಕೊಂಡರೆ ರಕ್ಷಣಾ ತಂಡ 18 ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ನಿಲ್ಲುತ್ತದೆ.

ಪ್ರಶ್ನೆ (ಮಡಿಕೇರಿಯಿಂದ): ಥರ್ಮಲ್ ಕ್ಯಾಮೆರಾದ ಡ್ರೋನ್ ಇದ್ದರೆ ಕಾಡಿನೊಳಗೂ, ಮಂಜಿನಲ್ಲೂ ಕಾಣುತ್ತದಂತೆ ಹೌದೇ?

ಉತ್ತರ: ಇಲ್ಲ. ಅದು ನೋಡುವುದು ಮೇಲ್ಮೈಯ ಶಾಖವನ್ನು. ಎಲೆಗಳ ಚಪ್ಪರ ಅಡ್ಡ ಬಂದರೆ ಎಲೆಯ ಶಾಖ ಕಾಣುತ್ತದೆ, ಕೆಳಗಿನ ಮನುಷ್ಯ ಕಾಣುವುದಿಲ್ಲ. ದಟ್ಟ ಮಂಜಿನ ಹನಿಗಳು ಶಾಖದ ಅಲೆಗಳನ್ನೂ ನುಂಗುತ್ತವೆ. ಮಧ್ಯಾಹ್ನ ಕಾದ ಬಂಡೆಗಳ ನಡುವೆ ಮೈಯ ಬಿಸಿ ಬೇರೆಯಾಗಿ ತೋರದು. ಬೆಳಗಾಗುವ ಮುಂಚಿನ ಒಂದೆರಡು ಗಂಟೆ, ಬಂಡೆ ತಣಿದಿರುವಾಗ, ತೆರೆದ ನೆಲದಲ್ಲಿ ಇದಕ್ಕೆ ಸಾಟಿಯಿಲ್ಲ. 640×512 ಪಿಕ್ಸೆಲ್ಲಿನ ಸಂವೇದಕ 60 ಮೀಟರ್ ಎತ್ತರದಿಂದ ನೋಡಿದರೆ ಮಲಗಿದ ಮನುಷ್ಯ ಸುಮಾರು 20 ಪಿಕ್ಸೆಲ್ ಉದ್ದ ಕಾಣುತ್ತಾನೆ. 120 ಮೀಟರಿಗೆ ಏರಿದರೆ ಅದು 10 ಪಿಕ್ಸೆಲ್. ಕಡವೆಯೋ ಮನುಷ್ಯನೋ ಹೇಳುವುದು ಕಷ್ಟ. ಚಾರಣ ತಂಡವೊಂದು ಇದಕ್ಕಾಗಿ ಲಕ್ಷಗಟ್ಟಲೆ ಸುರಿಯುವ ಬದಲು ಪ್ರತಿಯೊಬ್ಬರಿಗೂ ಕಿತ್ತಳೆ ಬಣ್ಣದ ರೇನ್‌ಕೋಟ್ ಮತ್ತು ಸೀಟಿ ಕೊಡಿಸುವುದು ಮೇಲು.

ಪ್ರಶ್ನೆ (ಶಿರಸಿಯಿಂದ): ಸಿಗ್ನಲ್ ಹೋದಾಗ ಡ್ರೋನ್ ತಾನಾಗಿ ಹಿಂದಿರುಗುವ ಬದಲು ಗುಡ್ಡಕ್ಕೆ ಬಡಿಯಿತು. ಏಕೆ?

ಉತ್ತರ: ಪರದೆಯ ಮೇಲಿನ ಎತ್ತರ ನೀವು ಹಾರಿಸಿದ ಜಾಗದಿಂದ ಅಳೆದದ್ದು, ಡ್ರೋನ್ ಕೆಳಗಿನ ನೆಲದಿಂದಲ್ಲ. ಕಣಿವೆಯಿಂದ ಹಾರಿಸಿ, ತಾನಾಗಿ ಹಿಂದಿರುಗುವ ಎತ್ತರವನ್ನು 60 ಮೀಟರಿಗೆ ಬಿಟ್ಟು, 90 ಮೀಟರ್ ದಿಣ್ಣೆಯ ಆಚೆಗೆ ಹೋಗಿ ಕೆಳಗಿಳಿಸಿದರೆ ಅದು ನೇರ ಗೆರೆಯಲ್ಲಿ ವಾಪಸ್ ಬರುತ್ತಾ ದಿಣ್ಣೆಯ ಹೊಟ್ಟೆಗೇ ನುಗ್ಗುತ್ತದೆ. ಸಿಗ್ನಲ್ ಹೋದದ್ದೂ ಅದೇ ದಿಣ್ಣೆಯಿಂದ. ಸಾಧ್ಯವಾದಷ್ಟು ಎತ್ತರದ ಜಾಗದಿಂದ ಹಾರಿಸಿ, ದಿಣ್ಣೆಯ ಮರೆಗೆ ಕಳಿಸಬೇಡಿ. ಜೀಪಿನ ಬಾನೆಟ್ ಮೇಲಿಂದಾಗಲಿ ಕಬ್ಬಿಣದ ಕಟಕಟೆಯ ಪಕ್ಕದಿಂದಾಗಲಿ ಹಾರಿಸಿದರೆ ದಿಕ್ಸೂಚಿ ಕೆಡುತ್ತದೆ. ಅದಿರು ತುಂಬಿದ ಬಂಡೆಯ ಮೇಲೂ ಹೀಗಾಗಬಹುದು. ಮ್ಯಾಗ್ನಟೈಟ್ ಎಂಬ ಕಾಂತಗುಣದ ಕಬ್ಬಿಣದ ಅದಿರು ಇರುವ ಕುದುರೆಮುಖದ ಕಡೆ ಎಚ್ಚರಿಕೆ ಬಂದರೆ ಜಾಗ ಬದಲಿಸಿ. ಮೊದಲು ಗಾಳಿಗೆದುರಾಗಿ ಹೋಗಿ, ಬರುವಾಗ ಗಾಳಿ ಬೆನ್ನಿಗಿರಲಿ. ಬ್ಯಾಟರಿ 40 ಪ್ರತಿಶತಕ್ಕೆ ಇಳಿದಾಗ ವಾಪಸ್ ಕರೆಯಿರಿ.

ಇನ್ನೊಂದು: ಹಲವು ಬ್ಯಾಟರಿಗಳು ಪೂರ್ತಿ ಚಾರ್ಜ್ ಮಾಡಿಟ್ಟ ಕೆಲವು ದಿನಗಳಲ್ಲಿ ತಾವಾಗಿಯೇ ಸ್ವಲ್ಪ ಖಾಲಿಯಾಗುತ್ತವೆ. ಇದು ದೋಷವಲ್ಲ, ಬ್ಯಾಟರಿಯ ಆಯಸ್ಸಿಗಾಗಿ ಮಾಡಿದ ಏರ್ಪಾಡು. ಹೊರಡುವ ಹಿಂದಿನ ರಾತ್ರಿಯೇ ಚಾರ್ಜ್ ಮಾಡಿ. ಆ್ಯಪ್ ಲಾಗಿನ್, ಸಾಫ್ಟ್‌ವೇರ್ ಅಪ್‌ಡೇಟ್, ನಕ್ಷೆ ಡೌನ್‌ಲೋಡ್ ಎಲ್ಲವೂ ಮನೆಯಲ್ಲೇ ಮುಗಿದಿರಲಿ.

ಪ್ರಶ್ನೆ (ಧಾರವಾಡದಿಂದ): ಸಿಲುಕಿದವರಿಗೆ ನೀರು, ಔಷಧ ಕಟ್ಟಿ ಕಳಿಸಬಹುದೇ?

ಉತ್ತರ: 249 ಗ್ರಾಂ ಡ್ರೋನಿಗೆ ಬೇಡ. ಹಗ್ಗದಲ್ಲಿ ತೂಗುವ ಹೊರೆ ಜೋಲಿ ಹೊಡೆಸುತ್ತದೆ, ಕೆಳಗಿನ ಸಂವೇದಕಗಳನ್ನೂ ಮುಚ್ಚುತ್ತದೆ. ಬಂಡೆಯ ಅಂಚಿನಲ್ಲಿರುವವರು ಅದನ್ನು ಹಿಡಿಯಲು ಕೈಚಾಚಿ ಜಾರಿದರೆ ಯಾರು ಗತಿ?

ಪ್ರಶ್ನೆ (ಬೆಂಗಳೂರಿನಿಂದ): ಜೀವ ಉಳಿಸುವ ಕೆಲಸಕ್ಕೂ ಅನುಮತಿ ಬೇಕೇ?

ಉತ್ತರ: 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ನ್ಯಾನೊ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಡ. ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಬಹುದು. ಅನುಮತಿ ಬೇಕಾಗುವ ಕೆಂಪು, ಹಳದಿ ವಲಯಗಳನ್ನು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಿ. ಕುಮಾರಪರ್ವತ ಇರುವುದು ಪುಷ್ಪಗಿರಿ ವನ್ಯಧಾಮದಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಪೊಲೀಸರೋ ರಾಜ್ಯದ ವಿಪತ್ತು ಸ್ಪಂದನಾ ಪಡೆಯಾದ ಎಸ್‌ಡಿಆರ್‌ಎಫ್‌ನವರೋ ಬಂದ ಮೇಲೆ ಅವರು ಹೇಳಿದರೆ ಮಾತ್ರ ಹಾರಿಸಿ.

ಹೆಲಿಕಾಪ್ಟರ್ ಬರುವ ಸಾಧ್ಯತೆಯನ್ನೂ ಮರೆಯಬೇಡಿ. 2022ರ ಫೆಬ್ರವರಿಯಲ್ಲಿ ನಂದಿಬೆಟ್ಟದ ಬಂಡೆಯಲ್ಲಿ ಸಿಲುಕಿದ್ದ ವಿದ್ಯಾರ್ಥಿಯನ್ನು ಮೇಲೆತ್ತಿದ್ದು ಯಲಹಂಕದಿಂದ ಬಂದ ವಾಯುಪಡೆಯ ಹೆಲಿಕಾಪ್ಟರ್. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಕಾಳ್ಗಿಚ್ಚಿನ ವೇಳೆ ಖಾಸಗಿ ಡ್ರೋನೊಂದು ಬೆಂಕಿ ಆರಿಸುವ ವಿಮಾನದ ರೆಕ್ಕೆಗೆ ಬಡಿದು ತೂತು ಮಾಡಿತು, ಆ ವಿಮಾನ ಕೆಲಸ ಬಿಟ್ಟು ನೆಲದಲ್ಲಿ ನಿಲ್ಲಬೇಕಾಯಿತು. ಅದೂ ನಿಮ್ಮದರಂತೆ 250 ಗ್ರಾಂ ಒಳಗಿನ ವರ್ಗದ್ದೇ. ಹೆಲಿಕಾಪ್ಟರಿನ ಸದ್ದು ಕೇಳಿದೊಡನೆ ಡ್ರೋನ್ ಇಳಿಸಿ. ತಾನಾಗಿ ಹಿಂದಿರುಗುವ ಗುಂಡಿ ಒತ್ತಬೇಡಿ, ಅದು ಮೊದಲು ಮೇಲಕ್ಕೇರುತ್ತದೆ. ಇದ್ದಲ್ಲೇ ನೇರ ಕೆಳಗಿಳಿಸಿ. ಮುಳ್ಳುಪೊದೆಗೆ ಬಿದ್ದರೂ ಸರಿ.