ಹೊಟ್ಟೆನೋವು ಎಂದಷ್ಟೇ ಹೇಳಿ ಬಂದಿರಲ್ಲ

ಈ ವಾರ ಮೂರು ಪತ್ರಗಳಿಗೆ ಉತ್ತರಿಸುವ ಲೆಕ್ಕದಲ್ಲಿದ್ದೆ. ಎರಡನ್ನು ಮಡಿಸಿ ಡ್ರಾಯರಿಗೆ ಹಾಕಿದ್ದೇನೆ. ಅಡಿಕೆ ತೋಟದ ಪಾಲಿಗಾಗಿ ಮಾತುಬಿಟ್ಟಿರುವ ಅಣ್ಣತಮ್ಮಂದಿರು ಹದಿನಾಲ್ಕು ವರ್ಷ ಕಾದವರು, ಇನ್ನೊಂದು ವಾರ ಕಾಯಲಿ. ಅತ್ತೆಯ ಮೊಬೈಲ್ ನೋಡಬಹುದೇ ಎಂದು ಕೇಳಿದ ಸೊಸೆಗೆ ಉತ್ತರ ಒಂದೇ ಪದದ್ದು, ಅದು ಅವರಿಗೂ ಗೊತ್ತು. ಸ್ಪೇನಿನಿಂದ ಬಂದ ಮೂರನೆಯ ಪತ್ರವನ್ನು ಮಾತ್ರ ನಾಲ್ಕು ಸಲ ಓದಿದೆ. ನಾಲ್ಕು ಸಲವೂ ಒಂದೇ ಸಾಲಿನ ಹತ್ತಿರ ನಿಂತುಬಿಟ್ಟೆ.

‘ಬಲ್ಮಠದ ಹುಡುಗಿ’ ಎಂದು ಸಹಿ ಮಾಡಿರುವ ಈಕೆಗೆ ಈಗ ಮೂವತ್ತೆಂಟು. ಮಂಗಳೂರಿನವರು, ಮನೆಮಾತು ತುಳು, ಚರ್ಚಿನ ಮಾತು ಕನ್ನಡ. ಗಂಡನಿಗೆ ಮಾಲಗಾ ನಗರದಲ್ಲಿ ಸಾಫ್ಟ್‌ವೇರ್ ಕೆಲಸ. ಮನೆ ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ, ಕಡಲಂಚಿನ ಒಂದು ಪಟ್ಟಣದಲ್ಲಿ. ಹೋಗಿ ಐದು ವರ್ಷವಾಯಿತು. ಭಾನುವಾರ ಅಲ್ಲಿನ ಇಂಗ್ಲಿಷರ ಆಂಗ್ಲಿಕನ್ ಸಭೆಗೆ, ಅಂದರೆ ಪ್ರಾಟೆಸ್ಟೆಂಟ್ ಚರ್ಚಿಗೆ, ಹೋಗುತ್ತಾರೆ. ಊರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೂ ಅದಕ್ಕೂ ನಂಟಿರುವುದರಿಂದ ಆರಾಧನೆಯ ಕ್ರಮ ಕಣ್ಣುಮುಚ್ಚಿ ಹೇಳುವಷ್ಟು ಪರಿಚಿತ. ಬರುವವರಲ್ಲಿ ಬಹುಪಾಲು ಎಪ್ಪತ್ತು ದಾಟಿದ ನಿವೃತ್ತ ಬ್ರಿಟಿಷರು. ಸಂಡೇ ಸ್ಕೂಲಿನಲ್ಲಿ ಇರುವುದೇ ಇಬ್ಬರು ಮಕ್ಕಳು, ಅವರಲ್ಲಿ ಒಬ್ಬ ಈಕೆಯ ಮಗ. ವಯಸ್ಸು ಒಂಬತ್ತು.

ಈ ಮಗನೇ ಪತ್ರಕ್ಕೆ ಕಾರಣ. ಬರುವ ಮೇ ತಿಂಗಳಿನಲ್ಲಿ ಅವನ ತರಗತಿಯ ಹೆಚ್ಚುಕಡಿಮೆ ಎಲ್ಲರಿಗೂ ಕ್ಯಾಥೊಲಿಕ್ ಚರ್ಚಿನಲ್ಲಿ ಮೊದಲ ಪರಮಪ್ರಸಾದ, ಮಕ್ಕಳು ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವ ಸಂಸ್ಕಾರ. ‘ನನಗೂ ಬೇಕು’ ಎಂದು ಅವನು ಅಳುತ್ತಾನೆ. ಗಂಡ ಆಗದು ಎನ್ನುತ್ತಾರೆ. ಇಂಗ್ಲಿಷ್ ಸಭೆಯ ಹಿರಿಯ ಹೆಂಗಸೊಬ್ಬರು, ‘ಇವತ್ತು ಇದಕ್ಕೆ ಒಪ್ಪಿದರೆ ನಾಳೆ ಹುಡುಗ ನಿಮ್ಮವನಾಗಿ ಉಳಿಯುವುದಿಲ್ಲ’ ಎಂದು ಹೆದರಿಸಿದ್ದಾರೆ. ‘ಮಗನ ಆಸೆಯೋ, ನಮ್ಮ ನಂಬಿಕೆಯೋ? ನಾನು ಯಾವ ಕಡೆ ನಿಲ್ಲಲಿ?’ ಎಂದು ಕೇಳಿದ್ದೀರಿ.

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇದು ನಿಮ್ಮ ಸಮಸ್ಯೆಯೇ ಅಲ್ಲ.

ಸ್ಪೇನಿನ ಮೊದಲ ಪರಮಪ್ರಸಾದ ಎಂದರೆ ಅರ್ಧ ಸಂಸ್ಕಾರ, ಅರ್ಧ ಮದುವೆಮನೆ. ಹುಡುಗರಿಗೆ ಹೊಳೆಯುವ ಗುಂಡಿಗಳ ನಾವಿಕನ ಉಡುಪು, ಹುಡುಗಿಯರಿಗೆ ನೆಲ ಗುಡಿಸುವ ಬಿಳಿ ಗೌನು. ಆಮೇಲೆ ಹೋಟೆಲಿನಲ್ಲಿ ಊಟ, ಉಡುಗೊರೆಯ ರಾಶಿ, ಸಾವಿರಾರು ಯೂರೋ ಖರ್ಚು. ಚರ್ಚಿಗೆ ಕಾಲಿಡದ ಕುಟುಂಬಗಳೂ ಇದನ್ನು ತಪ್ಪಿಸುವುದಿಲ್ಲ. ನಿಮ್ಮ ಮಗನಿಗೆ ಬೇಕಾದದ್ದು ಏನು ಎಂಬುದನ್ನು ನೀವೇ ಬರೆದಿದ್ದೀರಿ: ಕಳೆದ ವರ್ಷ ದೊಡ್ಡ ತರಗತಿಯ ಹುಡುಗರು ಹಂಚಿದ ಹನ್ನೊಂದು ನೆನಪಿನ ಚೀಟಿಗಳನ್ನು ಅವನು ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಿಂದ ಅಂಟಿಸಿದ್ದಾನೆ. ಒಂದೊಂದರಲ್ಲೂ ಕೈಜೋಡಿಸಿ ನಿಂತ ಹುಡುಗನ ಫೋಟೋ, ಕೆಳಗೆ ಬಂಗಾರದ ಅಕ್ಷರದಲ್ಲಿ ಹೆಸರು, ತಾರೀಖು. ಹನ್ನೆರಡನೆಯದು ಅವನದಾಗಬೇಕು. ಅವನಿಗೆ ಬೇಕಿರುವುದು ಧರ್ಮಾಂತರವಲ್ಲ, ತನ್ನ ಫೋಟೋ ಇರುವ ಒಂದು ಚೀಟಿ.

ಅಲ್ಲದೆ ಇದು ಮೇ ತಿಂಗಳಿನಲ್ಲಿ ಹೋಗಿ ಸಾಲಿನಲ್ಲಿ ನಿಲ್ಲುವ ಕೆಲಸವೂ ಅಲ್ಲ. ಮುಂಚೆ ಎರಡು ವರ್ಷವಾದರೂ ಧರ್ಮೋಪದೇಶದ ತರಗತಿಗೆ ಹೋಗಬೇಕಾಗುವುದು ಅಲ್ಲಿ ಸಾಮಾನ್ಯ. ನಿಮ್ಮ ಸಭೆಯ ದೀಕ್ಷಾಸ್ನಾನವನ್ನು ಕ್ಯಾಥೊಲಿಕ್ ಚರ್ಚು ಮಾನ್ಯ ಮಾಡಿದರೂ ಹುಡುಗನನ್ನು ಮೊದಲು ತನ್ನ ಸಭೆಗೆ ಸೇರಿಸಿಕೊಳ್ಳಬೇಕು. ಆದ್ದರಿಂದ ಈ ವರ್ಷ ಆಗುವುದಿಲ್ಲ ಎಂದು ಅವನಿಗೆ ನೇರವಾಗಿ ಹೇಳಿ. ಗೆಳೆಯರ ಊಟಕ್ಕೆ ಚೆನ್ನಾಗಿ ಬಟ್ಟೆ ಹಾಕಿಸಿ ಕಳಿಸಿ. ಅವನ ಹುಟ್ಟುಹಬ್ಬಕ್ಕೆ ಬಂಗಾರದ ಅಕ್ಷರದ ಇಪ್ಪತ್ತೈದು ಚೀಟಿ ಮಾಡಿಸಿ ಹಂಚಿಸಿ. ಈ ವಿಷಯ ಇಲ್ಲಿಗೆ ಮುಗಿಯಿತು.

ಇನ್ನು ಆ ಸಾಲು. ಪತ್ರದ ಮೂರನೆಯ ಪುಟದಲ್ಲಿ, ಮಗ ಎಷ್ಟು ಜಾಣ ಎಂದು ಹೊಗಳುವ ಭರದಲ್ಲಿ ಬರೆದಿದ್ದೀರಿ: ‘ಸ್ಪ್ಯಾನಿಷ್ ಅವನಿಗೆ ನೀರು ಕುಡಿದಂತೆ. ಕಳೆದ ತಿಂಗಳು ಆರೋಗ್ಯ ಕೇಂದ್ರಕ್ಕೂ ಶಾಲೆ ಬಿಡಿಸಿ ಅವನನ್ನೇ ಕರೆದುಕೊಂಡು ಹೋಗಿದ್ದೆ. ಮೂರು ತಿಂಗಳಿಂದ ಮುಟ್ಟಿನ ರಕ್ತಸ್ರಾವ ವಿಪರೀತ, ಮೆಟ್ಟಿಲು ಹತ್ತಿದರೆ ತಲೆ ಸುತ್ತುತ್ತದೆ. ಆದರೆ ಅವನ ಬಾಯಲ್ಲಿ ಅದನ್ನು ಹೇಗೆ ಹೇಳಿಸಲಿ, ಹೊಟ್ಟೆನೋವು ಎಂದಷ್ಟೇ ಹೇಳಿ ಬಂದೆ.’ ಮುಂದಿನ ಸಾಲಿನಲ್ಲಿ ಮತ್ತೆ ನಾವಿಕನ ಉಡುಪಿನ ಬೆಲೆ.

ಅಮ್ಮಾ, ನೀವು ವೈದ್ಯರ ಎದುರು ಕುಳಿತು ಸುಳ್ಳು ಹೇಳಿ ಬಂದಿದ್ದೀರಿ. ಅವರು ಹೊಟ್ಟೆನೋವಿಗೆ ಮಾತ್ರೆ ಕೊಟ್ಟರು, ನೀವು ಅದನ್ನು ನುಂಗುತ್ತಿದ್ದೀರಿ. ಮಗ ಸುಮ್ಮನೆ ಕುಳಿತಿದ್ದ ಎಂದಿದ್ದೀರಿ. ಅವನು ಸುಮ್ಮನಿರಲಿಲ್ಲ, ಅಮ್ಮ ಏನನ್ನೋ ನುಂಗಿಕೊಂಡಳು ಎಂದು ನೋಡುತ್ತಿದ್ದ. ಒಂಬತ್ತು ವರ್ಷದವರಿಗೆ ಇದು ತಿಳಿಯುತ್ತದೆ.

ಈ ಅಂಕಣದ ಹಳಬರಿಗೆ ನನ್ನ ಹಳೆಯ ರಾಗ ಗೊತ್ತು: ದೊಡ್ಡವರ ಚೀಟಿಯನ್ನು ಮಕ್ಕಳ ಕೈಯಲ್ಲಿ ಕಳಿಸಬಾರದು. ಗಂಡ ಹೆಂಡತಿ ಮಾತುಬಿಟ್ಟು ಮಗಳ ಮೂಲಕ ‘ಊಟ ಆಯಿತಾ ಕೇಳು’ ಎನ್ನಿಸಿಕೊಂಡಿದ್ದ ತೀರ್ಥಹಳ್ಳಿಯ ಮನೆಯ ಕಥೆ ಇಲ್ಲಿ ಬಂದಾಗಲೂ ಇದನ್ನೇ ಹೇಳಿದ್ದೆ. ಬಾಡಿಗೆ ಮನೆಯ ಕರಾರು, ಬ್ಯಾಂಕಿನ ಪತ್ರ, ಶಾಲೆಯ ಪೋಷಕರ ಸಭೆ, ಎಲ್ಲದಕ್ಕೂ ಆ ಹುಡುಗನೇ ನಿಮ್ಮ ನಾಲಿಗೆ. ಶಿಕ್ಷಕಿ ತನ್ನ ಮೇಲೆ ಹೇಳಿದ ದೂರನ್ನೂ ಅವನೇ ನಿಮಗೆ ಅನುವಾದಿಸಬೇಕು. ಅದನ್ನು ಎಷ್ಟು ಪ್ರಾಮಾಣಿಕವಾಗಿ ಮಾಡಿರುತ್ತಾನೋ, ನನಗೆ ಅನುಮಾನ.

ನಿಮ್ಮ ಗಂಡನ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಅವತ್ತು ಮೀಟಿಂಗ್ ಇತ್ತು ಎಂದು ಬರಲಿಲ್ಲ, ಅದು ತಪ್ಪು. ಆದರೆ ಸ್ಪ್ಯಾನಿಷ್ ತರಗತಿಗೆ ಸೇರು ಎಂದು ಎರಡು ಸಲ ಅರ್ಜಿ ತಂದುಕೊಟ್ಟವರು ಅವರೇ. ಮಂಗಳವಾರ ಬೈಬಲ್ ಅಧ್ಯಯನ, ಗುರುವಾರ ಸಭೆಯ ಹಳೆಬಟ್ಟೆ ಅಂಗಡಿಯ ಪಾಳಿ, ಬಿಡುವಿಲ್ಲ ಎಂದವರು ನೀವು. ಭಾನುವಾರ ಆರಾಧನೆ ಮುಗಿದ ಮೇಲಿನ ಕಾಫಿಯೂ ನಿಮ್ಮದೇ. ಪಾದ್ರಿಯ ಪ್ರಸಂಗವನ್ನು ಅಡುಗೆಕೋಣೆಯ ಕಿಂಡಿಯಿಂದ ಕೇಳುತ್ತೇನೆ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ನಲವತ್ತು ಮಂದಿಯ ಕಪ್ಪು ತೊಳೆಯುವುದು ಭಕ್ತಿಯಲ್ಲ ಎಂದು ನಾನು ಹೇಳುವುದಿಲ್ಲ, ಆದರೆ ಕಪ್ಪು ತೊಳೆಯಲು ಬರುವ ಮೂವತ್ತೊಂಬತ್ತು ಮಂದಿ ಬೇರೆಯವರೂ ಅಲ್ಲಿದ್ದಾರೆ.

ನನ್ನ ಸಿಟ್ಟೆಲ್ಲ ಆ ಹಿರಿಯ ಹೆಂಗಸಿನ ಮೇಲೆ. ಇಪ್ಪತ್ತೆರಡು ವರ್ಷದಿಂದ ಸ್ಪೇನಿನಲ್ಲಿದ್ದಾರಂತೆ. ಕಾಫಿ ತರಿಸಲು ಎರಡು ಪದ, ಬಿಲ್ಲು ಕೇಳಲು ಎರಡು ಪದ, ಅಷ್ಟೇ ಅವರ ಸ್ಪ್ಯಾನಿಷ್. ‘ಇಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ ಮಗಳೇ, ಆ ತರಗತಿ ನಿನಗೇಕೆ’ ಎಂದು ನಿಮ್ಮ ಕೈಯಿಂದ ಅರ್ಜಿ ಕೆಳಗಿಡಿಸಿದವರೂ ಅವರೇ ಅಲ್ಲವೇ? ಅವರಿಗೆ ಸರಿ. ಪಿಂಚಣಿ ಬ್ರಿಟನ್ನಿನಿಂದ ಬರುತ್ತದೆ, ದಂತವೈದ್ಯರು ಇಂಗ್ಲಿಷಿನವರು, ಕಾಯಿಲೆ ಜೋರಾದರೆ ಮಗಳು ವಿಮಾನ ಹತ್ತಿ ಬರುತ್ತಾಳೆ. ನಿಮಗೆ ಯಾರು ಬರುತ್ತಾರೆ? ಅವರು ಒಳ್ಳೆಯವರೇ ಇರಬಹುದು, ಕ್ರಿಸ್‌ಮಸ್ ಕೇಕನ್ನು ಚೆನ್ನಾಗಿಯೇ ಮಾಡಬಹುದು. ಆದರೆ ತಾನು ಕಲಿಯದೆ ಉಳಿದದ್ದನ್ನು ಇನ್ನೊಬ್ಬರೂ ಕಲಿಯಬಾರದು ಎನ್ನುವ ಜನರಿಂದ ನಾನು ಮಾರುದೂರ ಇರುತ್ತೇನೆ.

ಆ ಕರಾವಳಿಯಲ್ಲಿ ಇಂಗ್ಲಿಷರು ತಮ್ಮಷ್ಟಕ್ಕೆ ತಾವಿರಲು ಒಂದು ಕಾಲದಲ್ಲಿ ಕಾರಣವಿತ್ತು. ಮಾಲಗಾದಲ್ಲಿ ಸತ್ತ ಪ್ರಾಟೆಸ್ಟೆಂಟರಿಗೆ ಹೂಳಲು ಜಾಗವಿರಲಿಲ್ಲ. ರಾತ್ರಿ ಹೊತ್ತು ಕಡಲತಡಿಯ ಮರಳಿನಲ್ಲಿ ನಿಂತ ಭಂಗಿಯಲ್ಲಿ ಹೂಳುತ್ತಿದ್ದರು ಎನ್ನುತ್ತಾರೆ. ಬ್ರಿಟಿಷ್ ಕಾನ್ಸಲ್ ವಿಲಿಯಂ ಮಾರ್ಕ್ ಹಟಹಿಡಿದು 1831ರಲ್ಲಿ ಸ್ಮಶಾನವೊಂದನ್ನು ಮಾಡಿಸಿದ, ಅದು ಈಗಲೂ ಇದೆ. ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ ಪ್ರಾಟೆಸ್ಟೆಂಟ್ ಸಭೆಗಳು ಹೊರಬಾಗಿಲಿಗೆ ಒಂದು ಫಲಕ ಹಾಕುವುದಕ್ಕೂ ಅಂಜಬೇಕಿತ್ತು. 1978ರ ಸಂವಿಧಾನ ಬಂದ ಮೇಲೆ ಸ್ಪೇನಿಗೆ ರಾಜ್ಯಧರ್ಮವೇ ಇಲ್ಲ. ಯಾರೂ ನಿಮ್ಮನ್ನು ಹೊರಗಿಟ್ಟಿಲ್ಲ. ಶಾಲೆಯ ಗೇಟಿನಲ್ಲಿ ಪ್ರತಿ ಮಧ್ಯಾಹ್ನ ಎರಡು ಗಂಟೆಗೆ ನಿಮ್ಮತ್ತ ನೋಡಿ ನಗುವ, ಕೆನ್ನೆಗೆ ಕೆನ್ನೆ ತಾಗಿಸಲು ಬರುವ ತಾಯಂದಿರಿಗೆ ಹೆದರಿ ಐದು ನಿಮಿಷ ತಡವಾಗಿ ಹೋಗುತ್ತಿರುವವರು ನೀವು.

ಅದೂ ಬಲ್ಮಠದವರು! ನಿಮ್ಮ ಸಭೆಯನ್ನು ಕಟ್ಟಿದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಾಗ ಜರ್ಮನ್ ಬಲ್ಲ ಹತ್ತು ಮಂದಿಯನ್ನು ಹುಡುಕಿಕೊಂಡು ಕೂರಲಿಲ್ಲ. ಮೊಗ್ಲಿಂಗ್ ಕನ್ನಡ ಕಲಿತು 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದರು. ಕಿಟ್ಟೆಲ್ 1853ರಲ್ಲಿ ಬಂದರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ, ನಿಮ್ಮ ಊರಿನಲ್ಲೇ. ನಲವತ್ತೊಂದು ವರ್ಷ. ನಾನು ನಿಮಗೆ ನಿಘಂಟು ಬರೆಯಿರಿ ಎನ್ನುತ್ತಿಲ್ಲ. ಒಂದೇ ಒಂದು ವಾಕ್ಯ ಬರೆಯಿರಿ ಎನ್ನುತ್ತಿದ್ದೇನೆ.

ಒಂದು ಚೀಟಿ ತೆಗೆದುಕೊಳ್ಳಿ. ಹೀಗೆ ಬರೆದುಕೊಳ್ಳಿ: ‘ತೆಂಗೊ ರೆಗ್ಲಾಸ್ ಮುಯ್ ಅಬುಂದಾಂತೆಸ್ ದೆಸ್ದೆ ಆಸೆ ತ್ರೆಸ್ ಮೆಸೆಸ್.’ ಮೂರು ತಿಂಗಳಿಂದ ನನಗೆ ಮುಟ್ಟಿನಲ್ಲಿ ವಿಪರೀತ ಸ್ರಾವ ಎಂದರ್ಥ. ನಮ್ಮ ತೆಂಗೂ ಇದೆ, ಆಸೆಯೂ ಇದೆ, ಮರೆಯುವುದಿಲ್ಲ. ಕೊನೆಗೆ ‘ಮೆ ಮಾರೆಯೊ’ ಎಂದು ಸೇರಿಸಿ. ತಲೆ ಸುತ್ತುತ್ತದೆ ಎಂದು. ಕನ್ನಡಿಯ ಎದುರು ನಿಂತು ಹತ್ತು ಸಲ ಹೇಳಿ. ಉಚ್ಚಾರ ಕೆಟ್ಟದಾಗಿರುತ್ತದೆ, ಇರಲಿ. ನೀವಿರುವ ಆಂಡಲೂಸಿಯಾ ಪ್ರಾಂತ್ಯದವರು ಪದಗಳ ಕೊನೆಯ ‘ಸ್’ ಅನ್ನು ತಾವೇ ನುಂಗಿಬಿಡುತ್ತಾರೆ, ನಿಮ್ಮನ್ನು ನೋಡಿ ಯಾರೂ ನಗುವುದಿಲ್ಲ.

ಈ ವಾರವೇ ಆರೋಗ್ಯ ಕೇಂದ್ರಕ್ಕೆ ಹೋಗಿ. ಬೆಳಿಗ್ಗೆ, ಮಗ ಶಾಲೆಯಲ್ಲಿರುವ ಹೊತ್ತಿಗೆ. ಹಿರಿಯ ಹೆಂಗಸನ್ನೂ ಕರೆದೊಯ್ಯಬೇಡಿ. ಗಂಡ ರಜೆ ಹಾಕಿ ಜೊತೆಗೆ ಬರಲಿ, ಬೇಕಾದರೆ ಹೊರಗೆ ಬೆಂಚಿನ ಮೇಲೆ ಕೂರಲಿ. ನಾಲಿಗೆ ಕಟ್ಟಿದರೆ ಚೀಟಿಯನ್ನು ಮೇಜಿನ ಮೇಲಿಡಿ. ರಕ್ತಪರೀಕ್ಷೆ ಮಾಡಿಸದೆ ಎದ್ದು ಬರಬೇಡಿ. ನಾನು ವೈದ್ಯೆಯಲ್ಲ, ಇದು ಸಣ್ಣದೋ ದೊಡ್ಡದೋ ನನಗೆ ಗೊತ್ತಿಲ್ಲ. ಮೂರು ತಿಂಗಳ ಸ್ರಾವಕ್ಕೆ ಹೊಟ್ಟೆನೋವಿನ ಮಾತ್ರೆ ಮದ್ದಲ್ಲ ಎನ್ನುವುದು ಮಾತ್ರ ಗೊತ್ತು.

ಸ್ಪ್ಯಾನಿಷ್ ತರಗತಿ, ಗುರುವಾರದ ಅಂಗಡಿ, ಯಾರ ಕಡೆ ನಿಲ್ಲಬೇಕು ಎಂಬ ಪ್ರಶ್ನೆ, ಎಲ್ಲವೂ ಕಾಯಲಿ. ಪರೀಕ್ಷೆಯ ಫಲಿತಾಂಶ ಬಂದ ದಿನವೇ ನನಗೆ ಬರೆಯಿರಿ. ಹಿಮೋಗ್ಲೋಬಿನ್ ಎಷ್ಟಿದೆ ಎಂಬುದು ಮೊದಲ ಸಾಲಿನಲ್ಲೇ ಇರಲಿ, ಮೂರನೆಯ ಪುಟದಲ್ಲಿ ಬೇಡ.