ವಾರ್ನಿಶ್ ಕೆಳಗಿನ ಮರ

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಪ್ರಶ್ನೆ: ಸರ್, ನಾನು ದಾವಣಗೆರೆಯವನು, ಇಂಗ್ಲೆಂಡಿನ ರೆಡಿಂಗ್‌ನಲ್ಲಿ ವೈದ್ಯ. ಹೊಳೆ, ಸಮುದ್ರ ಅಂತ ಬೆಳೆದವನಲ್ಲ. ಹೋದ ಜುಲೈನಲ್ಲಿ ಹೆನ್ಲಿಯಲ್ಲಿ ಹಳೆಯ ದೋಣಿಗಳ ಉತ್ಸವ ನೋಡಿದ ಮೇಲೆ ಅದೇ ಗುಂಗು. ಈಗ ಮಾರಾಟಕ್ಕಿರುವ ಒಂದು ಮರದ ಮೋಟಾರ್ ಕ್ರೂಸರ್ ನೋಡಿ ಬಂದಿದ್ದೇನೆ. 1936ರಲ್ಲಿ ಸ್ಕಾಟ್ಲೆಂಡಿನ ರೋಸ್‌ನೀತ್‌ನಲ್ಲಿ ಕಟ್ಟಿದ್ದು, 38 ಅಡಿ ಉದ್ದ. ಓಕ್ ಪಕ್ಕೆಗಳ ಮೇಲೆ ಪಿಚ್ ಪೈನ್ ಹಲಗೆ, ಮೇಲಿನ ಕ್ಯಾಬಿನ್ ತೇಗದ್ದು. ಮಾಲೀಕರು ಆರು ವರ್ಷ ಕೂತು ರಿಪೇರಿ ಮಾಡಿಸಿದ್ದಾರಂತೆ, 12 ಕೋಟು ವಾರ್ನಿಶ್ ಆಗಿದೆಯಂತೆ. ಹಳೆಯ ಪೆಟ್ರೋಲ್ ಎಂಜಿನ್ ತೆಗೆದು ಎರಡು ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಎರಡು ವರ್ಷದಿಂದ ಶೆಡ್ಡಿನಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ಕರೆತರಲು ಫ್ರಾನ್ಸಿನ ಡನ್‌ಕರ್ಕ್‌ಗೂ ಹೋಗಿ ಬಂದ ದೋಣಿ ಎನ್ನುತ್ತಾರೆ. ಕೇಳುತ್ತಿರುವುದು 45 ಸಾವಿರ ಪೌಂಡ್. ‘ಇನ್ನೊಬ್ಬರು ನೋಡಿಕೊಂಡು ಹೋಗಿದ್ದಾರೆ, ಮೂರು ವರ್ಷದ ಹಿಂದಿನ ಸರ್ವೆ (ದೋಣಿ ತಪಾಸಣೆ) ರಿಪೋರ್ಟ್ ಇದೆ, ಅದೇ ಸಾಕು’ ಎಂದು ಬ್ರೋಕರ್ ಅವಸರ ಮಾಡುತ್ತಿದ್ದಾರೆ. ಕೊಳ್ಳಲೇ?
— ಹೆಸರು ಬೇಡ, ರೆಡಿಂಗ್

ಉತ್ತರ: ಡಾಕ್ಟರೇ, ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ರೋಸ್‌ನೀತ್ ಎಂದರೆ ಜೇಮ್ಸ್ ಸಿಲ್ವರ್ ಅವರ ದೋಣಿ ಕಟ್ಟುವ ಯಾರ್ಡ್ ಇದ್ದ ಊರು. ಅಲ್ಲಿ ಜಾನ್ ಬೇನ್ ಅವರು ವಿನ್ಯಾಸ ಮಾಡಿದ ಮೋಟಾರ್ ದೋಣಿಗಳು ತೊಂಬತ್ತು ವರ್ಷದ ಹತ್ತಿರ ಬಂದರೂ ಓಡುತ್ತಿವೆ. ನಿಮ್ಮ ದೋಣಿ ಆ ಯಾರ್ಡಿನದೇ ಆಗಿದ್ದರೆ ನಿಮ್ಮ ಕಣ್ಣು ಒಳ್ಳೆಯದರ ಮೇಲೇ ಬಿದ್ದಿದೆ. ಆದರೆ ಬ್ರೋಕರ್ ಹೇಳಿದ ರೀತಿಯಲ್ಲಿ ಮಾತ್ರ ಕೊಳ್ಳಬೇಡಿ. ಆ ಮೂರು ವರ್ಷದ ರಿಪೋರ್ಟನ್ನು ಓದಿ, ಪಕ್ಕಕ್ಕಿಡಿ. ಅದನ್ನು ಬರೆಸಿದವರು ಯಾರೋ, ಯಾವ ಕಾರಣಕ್ಕೋ. ಅದರಲ್ಲಿ ತಪ್ಪಿದ್ದರೆ ಆ ಸರ್ವೇಯರ್ ನಿಮಗೆ ಜವಾಬ್ದಾರರಲ್ಲ. ನೀವೇ ಆರಿಸಿದ, ಮರದ ದೋಣಿಯಲ್ಲೇ ಕೈ ಪಳಗಿದ ಸರ್ವೇಯರ್ ಬೇಕು. ಫೈಬರ್ ದೋಣಿ ನೋಡುವವರು ಬೇರೆ, ಮರ ನೋಡುವವರು ಬೇರೆ. ‘ಸರ್ವೆಗೆ ಒಳಪಟ್ಟು’ ಎಂದು ಕರಾರಿನಲ್ಲಿ ಬರೆಸಿಕೊಂಡೇ ಮುಂಗಡ ಕೊಡಿ. ಇನ್ನೊಬ್ಬರು ಅಷ್ಟರಲ್ಲಿ ಕೊಂಡು ಹೋದರೆ ಹೋಗಲಿ.

ಆರು ವರ್ಷದ ಕೆಲಸ ಎಂದಿರಿ. ಆ ಆರು ವರ್ಷ ಹೋದದ್ದು ಎಲ್ಲಿಗೆ? ನಾನು ಮೊದಲು ಕೇಳುವುದೇ ಇದನ್ನು. ಯಾವ ಹಲಗೆ ಬದಲಾಯಿತು, ಎಷ್ಟು ಪಕ್ಕೆ ಹೊಸದು, ಹೊಸ ಮರ ಯಾವುದು, ಮೊಳೆ ಯಾವ ಲೋಹದ್ದು, ಕೆಲಸ ಮಾಡಿದ್ದು ಯಾರು. ಪ್ರೀತಿಯಿಂದ ಕೆಲಸ ಮಾಡಿಸಿದವರ ಬಳಿ ಹಲಗೆ ಬಿಚ್ಚಿದಾಗ ತೆಗೆದ ಫೋಟೋ ಇರುತ್ತದೆ, ಮರದ ಬಿಲ್ಲು ಇರುತ್ತದೆ, ಕೇಳಿದರೆ ಸಂತೋಷದಿಂದ ಎಳೆದು ತೋರಿಸುತ್ತಾರೆ. ಫೋಟೋಗಳೆಲ್ಲ ವಾರ್ನಿಶ್, ಸೋಫಾ, ಹಿತ್ತಾಳೆ ದೀಪಗಳವೇ ಆಗಿದ್ದರೆ ಹಣವೂ ಅಲ್ಲಿಗೇ ಹೋಗಿದೆ ಎಂದು ತಿಳಿಯಿರಿ. 12 ಕೋಟು ವಾರ್ನಿಶ್ ಒಳ್ಳೆಯದೇ, ಆದರೆ ಅದು ದೋಣಿಯನ್ನು ತೇಲಿಸುವುದಿಲ್ಲ.

ಮರದ ದೋಣಿಯನ್ನು ಕೊಳೆಸುವುದು ಸಮುದ್ರ ಎಂದು ಹೆಚ್ಚಿನವರು ಅಂದುಕೊಂಡಿದ್ದಾರೆ. ಕೊಳೆಸುವುದು ಮಳೆ. ಉಪ್ಪುನೀರಿನಲ್ಲಿ ನೆನೆದ ಮರವನ್ನು ಕೊಳೆಯುವ ಶಿಲೀಂಧ್ರ ಅಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಡೆಕ್ಕಿನ ಸಂದಿಯಿಂದಲೋ ಕಿಟಕಿಯ ಮೂಲೆಯಿಂದಲೋ ಇಳಿದ ಸಿಹಿನೀರು ಗಾಳಿಯಾಡದ ಕಡೆ ನಿಂತರೆ ಅಲ್ಲಿ ಕೊಳೆ ಶುರು. ಗಂಗೊಳ್ಳಿ ಕಡೆ ನಮ್ಮ ಹಿರಿಯರು ಮಳೆಗಾಲಕ್ಕೆ ಮುಂಚೆ ದೋಣಿಯನ್ನು ದಡಕ್ಕೆಳೆದು ಮೇಲೆ ತೆಂಗಿನ ಮಡಲಿನ ಮಾಡು ಕಟ್ಟುತ್ತಿದ್ದದ್ದು ಇದೇ ಕಾರಣಕ್ಕೆ. ವರ್ಷವೆಲ್ಲ ಕಡಲಿನಲ್ಲಿ ನೆನೆಯುವ ದೋಣಿಗೆ ಮಳೆನೀರು ತಾಗಬಾರದು ಅಂತ ಅಷ್ಟು ಕಾಳಜಿ. ಮೀನೆಣ್ಣೆ ಬಳಿಯುತ್ತಿದ್ದ ಆ ಆಚಾರಿಗಳ ಕೈಯಲ್ಲೇ ನಾನು ಮರ ತಟ್ಟಿ ನೋಡುವುದನ್ನು ಕಲಿತದ್ದು. ಇಲ್ಲಿ ಇಂಗ್ಲೆಂಡಿನ ಯಾರ್ಡುಗಳಲ್ಲೂ ಆ ವಿದ್ಯೆಯೇ ನನ್ನ ಅನ್ನ.

ಆದ್ದರಿಂದ ನೀವು ಎರಡನೇ ಸಲ ಹೋದಾಗ ಟಾರ್ಚ್ ಹಿಡಿದು ನೀರು ಇಳಿಯುವ ದಾರಿಯನ್ನೇ ಹಿಂಬಾಲಿಸಿ. ಡೆಕ್ಕು ಮತ್ತು ಕ್ಯಾಬಿನ್ ಗೋಡೆ ಕೂಡುವ ಮೂಲೆ, ಕಿಟಕಿಗಳ ಕೆಳ ಅಂಚು, ಹಿಂಬದಿಯ ಅಡ್ಡ ಹಲಗೆಯ ಎರಡೂ ತುದಿ, ಮುಂದೆ ಲಂಗರಿನ ಸರಪಳಿ ಇಡುವ ಗೂಡು, ಶವರಿನ ಅಡಿ. ವಾರ್ನಿಶ್ ಕೆಳಗೆ ಕಪ್ಪು ಕಲೆ ಹಬ್ಬಿದ್ದರೆ ಅಲ್ಲಿ ನೀರು ಒಳಗೆ ಹೋಗಿದೆ. ಬೀರು ತೆರೆದ ಕೂಡಲೇ ಅಣಬೆಯ ವಾಸನೆ ಹೊಡೆದರೆ ಬೀರುವನ್ನು ಖಾಲಿ ಮಾಡಿಸಿ ಹಿಂದಿನ ಹಲಗೆ ನೋಡಿ. ನೆಲದ ಹಲಗೆಗಳನ್ನು ಎತ್ತಿಸಿ. ‘ಅದನ್ನು ಎತ್ತಲು ಬರುವುದಿಲ್ಲ, ಸ್ಕ್ರೂ ಹಾಕಿಬಿಟ್ಟಿದ್ದೇವೆ’ ಎಂದರೆ ಆ ಸ್ಕ್ರೂ ಬಿಚ್ಚುವ ತನಕ ಮಾತುಕತೆ ಮುಂದುವರಿಸಬೇಡಿ. ತಳಕ್ಕೆ ಮೊನ್ನೆ ಮೊನ್ನೆ ಬಣ್ಣ ಹೊಡೆದಿದ್ದರೂ ನನಗೆ ಅನುಮಾನ ಬರುತ್ತದೆ. ಮಾರುವ ಮುನ್ನ ಯಾರೂ ಕಾಣದ ಜಾಗಕ್ಕೆ ಸುಮ್ಮನೆ ಬಣ್ಣ ಬಳಿಯುವುದಿಲ್ಲ.

ಸರ್ವೇಯರ್ ಸಣ್ಣ ಸುತ್ತಿಗೆಯಿಂದ ಹಲಗೆಯ ಉದ್ದಕ್ಕೂ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಮರ ಟಣ್ ಎನ್ನುತ್ತದೆ, ಸತ್ತ ಮರ ಡಬ್ ಎನ್ನುತ್ತದೆ. ನೀವೂ ಜೊತೆಗೆ ನಿಂತು ಕೇಳಿ, ಅರ್ಧ ಗಂಟೆಯಲ್ಲಿ ನಿಮ್ಮ ಕಿವಿಗೂ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯ, ಒಂದೆರಡು ಕಡೆ ಮೊಳೆ ಅಥವಾ ಸ್ಕ್ರೂ ಹೊರಗೆ ತೆಗೆದು ನೋಡಲು ಮಾಲೀಕರ ಒಪ್ಪಿಗೆ ಮೊದಲೇ ಪಡೆಯಿರಿ. ನಿಮ್ಮ ದೋಣಿಯ ಕಾಲದ, ಅಂದರೆ 1930ರ ದಶಕದ, ಒಳ್ಳೆಯ ದೋಣಿಗಳಲ್ಲಿ ಹಲಗೆಯನ್ನು ಪಕ್ಕೆಗೆ ತಾಮ್ರದ ಮೊಳೆಯಿಂದ ರಿವೆಟ್ ಮಾಡಿರುತ್ತಾರೆ, ಅದು ಬಾಳಿಕೆಯದು. ತೊಂದರೆ ಇರುವುದು ಆಮೇಲಿನ ರಿಪೇರಿಗಳಲ್ಲಿ. ಯಾರೋ ಅಗ್ಗಕ್ಕೆ ಹಿತ್ತಾಳೆ ಸ್ಕ್ರೂ ಹಾಕಿದ್ದರೆ ಉಪ್ಪುನೀರು ಅದರೊಳಗಿನ ಸತುವನ್ನು ತಿಂದುಬಿಡುತ್ತದೆ. ಹೊರಗೆ ತೆಗೆದರೆ ಸ್ಕ್ರೂ ಹಳದಿ ಇರುವುದಿಲ್ಲ, ತೆಳು ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ, ಇಕ್ಕಳದಲ್ಲಿ ಹಿಡಿದು ಬಗ್ಗಿಸಿದರೆ ಪುಟುಕ್ಕನೆ ಮುರಿಯುತ್ತದೆ. ಅಂಥ ಒಂದು ಸ್ಕ್ರೂ ಸಿಕ್ಕಿದರೆ ಅದರ ಅಕ್ಕಪಕ್ಕದವೂ ಹಾಗೇ ಇವೆ ಎಂದೇ ಲೆಕ್ಕ.

ಇನ್ನೊಂದು ಜಾಗ ಇದೆ, ಇದನ್ನು ಎಷ್ಟೋ ಜನ ನೋಡುವುದೇ ಇಲ್ಲ. ತಳದಲ್ಲಿ ನೀರು ಒಳಗೆ ಹೊರಗೆ ಹೋಗಲು ಕಂಚಿನ ಕವಾಟಗಳಿರುತ್ತವೆ. ತುಕ್ಕು ತಡೆಯಲು ಹೊರಗೆ ಸತುವಿನ ಗಟ್ಟಿ ಕಟ್ಟಿ, ತಂತಿಯಿಂದ ಎಲ್ಲ ಲೋಹವನ್ನೂ ಅದಕ್ಕೆ ಜೋಡಿಸುತ್ತಾರೆ. ಫೈಬರ್ ದೋಣಿಗೆ ಅದು ಸರಿ. ಮರದ ದೋಣಿಗೆ ಅತಿಯಾದ ರಕ್ಷಣೆಯೇ ಮುಳುವು. ಕಾಪಾಡಿದ ಲೋಹದ ಸುತ್ತ ಕ್ಷಾರ ಹುಟ್ಟಿ ಮರದ ಗಟ್ಟಿತನವನ್ನು ಕರಗಿಸುತ್ತದೆ. ಕವಾಟದ ಬುಡದಲ್ಲಿ ಬಿಳಿ ಹಿಟ್ಟು ಕಂಡರೆ ಬೆರಳಿಟ್ಟು ನೋಡಿ. ಮರ ನೆನೆದ ತೆಂಗಿನ ನಾರಿನ ಹಾಗೆ ಎಳೆ ಎಳೆಯಾಗಿ ಬರುತ್ತದೆ. ಕವಾಟ ಥಳಥಳ ಹೊಳೆಯುತ್ತಿರುತ್ತದೆ, ಅದನ್ನು ಹಿಡಿದಿರಬೇಕಾದ ಮರ ಹೋಗಿರುತ್ತದೆ.

ಇನ್ನು ಶೆಡ್ಡಿನ ವಿಷಯ. ಎರಡು ವರ್ಷ ಒಣಗಿದ ದೋಣಿಯ ಹಲಗೆ ಕುಗ್ಗಿ ಸಂದಿ ತೆರೆದುಕೊಂಡಿರುತ್ತದೆ, ಹೊರಗಿನ ಬೆಳಕು ಒಳಗೆ ಕಂಡರೂ ಆಶ್ಚರ್ಯವಿಲ್ಲ. ಅದು ರೋಗವಲ್ಲ, ಮರದ ಸ್ವಭಾವ. ಮೆತ್ತನೆಯ ಪುಟ್ಟಿ ಹಾಕಿ ನೀರಿಗೆ ಇಳಿಸಿ, ಕ್ರೇನಿನ ಪಟ್ಟಿಯಲ್ಲೇ ಒಂದು ರಾತ್ರಿ ತೂಗಾಡಿಸಿ, ಪಂಪು ಬಿಟ್ಟು ಕಾವಲಿದ್ದರೆ ಹಲಗೆ ಉಬ್ಬಿ ಕೆಲವು ದಿನಗಳಲ್ಲಿ ಸೋರಿಕೆ ನಿಲ್ಲುತ್ತದೆ. ಆದರೆ ಸಂದಿಯನ್ನು ನೋಡಲಾರದೆ ಯಾರಾದರೂ ಗಟ್ಟಿಯಾಗುವ ಎಪಾಕ್ಸಿ ಅಂಟು ತುಂಬಿಬಿಟ್ಟಿದ್ದರೆ ಕಷ್ಟ. ನೀರಿಗಿಳಿದ ಹಲಗೆಗೆ ಉಬ್ಬಲು ಜಾಗವೇ ಇಲ್ಲದೆ ಪಕ್ಕೆಯ ಮೇಲೆ ಎಳೆತ ಬೀಳುತ್ತದೆ, ತೊಂಬತ್ತು ವರ್ಷದ ಓಕ್ ಪಕ್ಕೆ ತಿರುವಿನಲ್ಲಿ ಬಿರಿಯುತ್ತದೆ. ತಳದ ಹೊರಗೆಲ್ಲ ಫೈಬರ್ ಗ್ಲಾಸ್ ಹೊದಿಸಿದ್ದರಂತೂ ನಾನು ಹಿಂದೆ ಸರಿಯಿರಿ ಅನ್ನುತ್ತೇನೆ. ಸೋರುವುದಿಲ್ಲ ನಿಜ, ಆದರೆ ಒಳಗಿನ ತೇವ ಹೊರಗೆ ಹೋಗುವ ದಾರಿಯೂ ಮುಚ್ಚಿತು, ಮುಂದೆ ಹಲಗೆ ನೋಡುವ ದಾರಿಯೂ ಮುಚ್ಚಿತು. ಇದರಲ್ಲಿ ನನ್ನ ಮಾತು ಒಪ್ಪದ ಯಾರ್ಡಿನವರು ಇದ್ದಾರೆ. ಇಂಥ ಹೊದಿಕೆ ಕಿತ್ತಾಗ ಒಳಗೆ ಕಂಡ ಮರವನ್ನು ನೆನೆದು ನಾನು ಈ ಅಭಿಪ್ರಾಯ ಬಿಡಲಾರೆ.

ಎಂಜಿನ್ ಬಗ್ಗೆ ಹೆಚ್ಚು ತಲೆಬಿಸಿ ಬೇಡ. ಬಿಎಂಸಿ ಡೀಸೆಲ್ ಸರಳ, ಬಿಡಿಭಾಗ ಸಿಗುತ್ತದೆ. ನೀವು ಹೋಗುವ ಮುಂಚೆ ಬಿಸಿ ಮಾಡಿ ಇಡಬಾರದೆಂದು ಹೇಳಿ, ತಣ್ಣಗಿನದನ್ನೇ ಸ್ಟಾರ್ಟ್ ಮಾಡಿಸಿ ಹೊಗೆ ನೋಡಿ. ಪೆಟ್ರೋಲ್ ತೆಗೆದದ್ದು ನನಗೆ ಸಮಾಧಾನ, ಅದರ ಆವಿ ತಳಕ್ಕಿಳಿದು ನಿಲ್ಲುವಂಥದ್ದು.

ಡನ್‌ಕರ್ಕ್ ಮಾತಿಗೆ ಬರೋಣ. 1940ರ ಮೇ 26ರಿಂದ ಜೂನ್ 4ರವರೆಗೆ ಜರ್ಮನ್ ಸೇನೆ ಸುತ್ತುವರಿದಿದ್ದ ಸುಮಾರು 3,38,000 ಸೈನಿಕರನ್ನು ಅಲ್ಲಿಂದ ಇಂಗ್ಲೆಂಡಿಗೆ ದಾಟಿಸಿದರು. ಅವರಲ್ಲಿ ಹೇಸರಗತ್ತೆಗಳೊಂದಿಗೆ ಫ್ರಾನ್ಸಿಗೆ ಹೋಗಿದ್ದ ನಮ್ಮ ಭಾರತೀಯ ಸೇನಾ ಸರಬರಾಜು ದಳದವರೂ ಇದ್ದರು ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಆ ಕೆಲಸಕ್ಕೆ ಹೋದ ಸಣ್ಣ ದೋಣಿಗಳೆಂದರೆ ನನಗೆ ಕೈಮುಗಿಯುವಷ್ಟು ಗೌರವ. ಆ ಗೌರವಕ್ಕಾಗಿಯೇ ಹೇಳುತ್ತೇನೆ, ಬಾಯಿಮಾತಿಗೆ ಒಂದು ಪೌಂಡನ್ನೂ ಹೆಚ್ಚಿಗೆ ಕೊಡಬೇಡಿ. ಅಸೋಸಿಯೇಷನ್ ಆಫ್ ಡನ್‌ಕರ್ಕ್ ಲಿಟ್ಲ್ ಶಿಪ್ಸ್ ಎಂಬ ಸಂಘ 1966ರಿಂದ ಇದೆ, ದಾಖಲೆಗಳನ್ನು ಇಟ್ಟಿದೆ. ಅಲ್ಲಿಗೆ ದೋಣಿಯ ಈಗಿನ ಹೆಸರು, ಹಳೆಯ ಹೆಸರು ಎರಡೂ ಕೊಟ್ಟು ವಿಚಾರಿಸಿ. ಹಾಗೆಯೇ ನ್ಯಾಷನಲ್ ಹಿಸ್ಟಾರಿಕ್ ಶಿಪ್ಸ್ ಸಂಸ್ಥೆಯ ನೋಂದಣಿಯಲ್ಲಿ ಹೆಸರು ಇದೆಯೇ ನೋಡಿ. 33 ಅಡಿಗಿಂತ ಉದ್ದದ, 50 ವರ್ಷ ದಾಟಿದ ದೋಣಿಗಳನ್ನು ಅಲ್ಲಿ ದಾಖಲಿಸುತ್ತಾರೆ. ನಿಮ್ಮದು ಎರಡೂ ದಾಟಿದೆ.

ಕಾಗದಪತ್ರದಲ್ಲಿ ಒಂದು ಎಚ್ಚರ. ಬ್ರಿಟನ್ನಿನ ಹಡಗು ನೋಂದಣಿಯಲ್ಲಿ ಸಣ್ಣ ದೋಣಿಗಳಿಗೆಂದು ಇರುವ ‘ಸ್ಮಾಲ್ ಶಿಪ್ಸ್ ರಿಜಿಸ್ಟರ್’ ಸರ್ಟಿಫಿಕೇಟ್ ತೋರಿಸಿದರೆ ಅದು ಒಡೆತನದ ಪುರಾವೆ ಆಗುವುದಿಲ್ಲ. ಹಿಂದಿನ ಮಾರಾಟಪತ್ರಗಳು ಒಬ್ಬರಿಂದ ಒಬ್ಬರಿಗೆ ಸರಪಳಿಯಾಗಿ ಬಂದಿರಬೇಕು. ಅದೇ ನೋಂದಣಿಯ ‘ಪಾರ್ಟ್ ಒನ್’ ಎಂಬ, ಒಡೆತನ ದಾಖಲಿಸುವ ಭಾಗದಲ್ಲಿ ದೋಣಿ ಇದ್ದರೆ ಅಲ್ಲಿ ದೋಣಿಯ ಮೇಲಿನ ಸಾಲವೂ ಕಾಣುತ್ತದೆ. ಥೇಮ್ಸ್‌ನಲ್ಲಿ ಇಡುವುದಾದರೆ ಪರಿಸರ ಏಜೆನ್ಸಿಯಲ್ಲಿ ನೋಂದಣಿ ಮಾಡಿಸಬೇಕು, ನಾಲ್ಕು ವರ್ಷಕ್ಕೊಮ್ಮೆ ಬೋಟ್ ಸೇಫ್ಟಿ ತಪಾಸಣೆ ಆಗಬೇಕು. ಮತ್ತೆ ಟೇಪ್ ಹಿಡಿದು ನೀರಿನ ಮಟ್ಟದಿಂದ ಕ್ಯಾಬಿನ್ ತುದಿಯವರೆಗೆ ಎತ್ತರ ಅಳೆಯಿರಿ. ಆಕ್ಸ್‌ಫರ್ಡಿನ ಆಸ್ನಿ ಸೇತುವೆಯ ಕೆಳಗೆ ಸಿಗುವುದು ಏಳೂವರೆ ಅಡಿ ಮಾತ್ರ. ನಿಮ್ಮ ದೋಣಿ ಬಹುಶಃ ಅದರಾಚೆ ಹೋಗಲಾರದು, ಮಕ್ಕಳಿಗೆ ನದಿಯ ಮೇಲ್ಭಾಗದ ಲೆಚ್‌ಲೇಡ್ ಊರು ತೋರಿಸುತ್ತೇನೆಂದು ಮಾತು ಕೊಡಬೇಡಿ.

ವರ್ಷದ ಖರ್ಚಿಗೆ ಬೆಲೆಯ ಹತ್ತನೇ ಒಂದು ಭಾಗ ಎನ್ನುವ ಲೆಕ್ಕ ಇಲ್ಲಿ ಚಾಲ್ತಿಯಲ್ಲಿದೆ. ಮರದ ದೋಣಿಗೆ ಅದನ್ನು ನಂಬಬೇಡಿ. ದೋಣಿ ಅಗ್ಗಕ್ಕೆ ಸಿಕ್ಕಿತೆಂದು ಬಡಗಿಯ ಕೂಲಿ ಅಗ್ಗವಾಗುವುದಿಲ್ಲ. ನನ್ನ ಅಳತೆ ಬೇರೆ: ದೋಣಿ ನಿಮ್ಮ ಮನೆಯಿಂದ ಅರ್ಧ ಗಂಟೆಯೊಳಗೆ ಇರುತ್ತದೆಯೇ? ಡ್ಯೂಟಿ ಮುಗಿಸಿ ಬರುವಾಗ ಇಳಿದು, ಕಿಟಕಿ ತೆರೆದು ಗಾಳಿಯಾಡಿಸಿ, ತಳಕ್ಕೆ ಟಾರ್ಚ್ ಬಿಟ್ಟು ನೋಡಿ ಹೋಗುವಷ್ಟು ಹತ್ತಿರ? ಹಾಗಿದ್ದರೆ, ಸರ್ವೆಯೂ ಸರಿಬಂದರೆ, ಸಂತೋಷವಾಗಿ ಕೊಳ್ಳಿ. ಸರ್ವೆಯಲ್ಲಿ ಬಂದ ತಪ್ಪುಗಳ ಖರ್ಚನ್ನು ಯಾರ್ಡಿನಿಂದ ಬರೆಸಿಕೊಂಡು 45 ಸಾವಿರದಿಂದ ಕಳೆದು ಹೊಸ ಬೆಲೆ ಹೇಳಿ. ಒಳ್ಳೆಯ ಮಾಲೀಕರು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ತಮ್ಮ ದೋಣಿ ತಿಳಿದವರ ಕೈಗೆ ಹೋಗುತ್ತಿದೆ ಎಂದೇ ಅಂದುಕೊಳ್ಳುತ್ತಾರೆ.

ಪ್ರಶ್ನೆ: ನಮ್ಮ ಯಜಮಾನರು ಹೋದ ವರ್ಷ ಒಂದು ಹಳೆಯ ಮಹಾಗನಿ ದೋಣಿ ಕೊಂಡರು. ಒಂದೇ ಚಳಿಗಾಲಕ್ಕೆ ವಾರ್ನಿಶ್ ಅಲ್ಲಲ್ಲಿ ಎದ್ದಿದೆ, ಕೆಳಗೆ ಕಪ್ಪಾಗಿದೆ. ಎಲ್ಲ ಕೆರೆದು, ಎರಡು ಡಬ್ಬಿ ಬೆರೆಸಿ ಹೊಡೆಯುವ ಗಟ್ಟಿ ಪಾಲಿಯುರೆಥೇನ್ ಹಾಕಿದರೆ ಮತ್ತೆ ಮತ್ತೆ ಮಾಡುವುದು ತಪ್ಪುತ್ತದೆ ಎನ್ನುತ್ತಾರೆ. ಹೌದೇ?
— ಓದುಗರೊಬ್ಬರು, ಸ್ಲೌ

ಉತ್ತರ: ಅಮ್ಮಾ, ಬೇಡ ಎಂದು ಹೇಳಿ. ಹಲಗೆ ಕೂಡಿಸಿ ಕಟ್ಟಿದ ದೋಣಿಯ ಮರ ಋತುವಿಗೆ ತಕ್ಕಂತೆ ಉಬ್ಬುತ್ತದೆ, ಕುಗ್ಗುತ್ತದೆ. ಆ ಗಟ್ಟಿ ಪದರ ಅದರ ಜೊತೆ ಬಾಗದೆ ಸಂದಿಯ ಹತ್ತಿರ ಬಿರುಕು ಬಿಡುತ್ತದೆ, ನೀರು ಒಳಹೊಕ್ಕು ಮೇಲೆ ಬರಲಾಗದೆ ಅಲ್ಲೇ ಕೂರುತ್ತದೆ. ಹಳೆಯ ಪದ್ಧತಿಯ ಟಂಗ್ ಎಣ್ಣೆ ವಾರ್ನಿಶ್ಶೇ ಇರಲಿ. ಎದ್ದ ಕಡೆ ಮಾತ್ರ ಗಟ್ಟಿ ಅಂಚಿನವರೆಗೆ ಕೆರೆಯಿರಿ. ಕಪ್ಪು ಕಲೆಗೆ ಆಕ್ಸಾಲಿಕ್ ಆಮ್ಲ ನೀರಿನಲ್ಲಿ ಕರಗಿಸಿ ಹಚ್ಚಿ, ಕೈಗವಸು ಹಾಕಿಕೊಂಡೇ. ಆಮೇಲೆ ಧಾರಾಳ ನೀರಿನಲ್ಲಿ ತೊಳೆದು ಪೂರ್ತಿ ಒಣಗಲು ಬಿಡಿ. ಮರ ಬೆರಳಿಗೆ ಮೆತ್ತಗೆ ಸಿಕ್ಕಿದರೆ ಅಲ್ಲಿಗೆ ನಿಲ್ಲಿಸಿ, ಬಡಗಿಯನ್ನು ಕರೆಸಿ. ಗಟ್ಟಿ ಇದ್ದರೆ ಮೊದಲ ಕೋಟು ತೆಳ್ಳಗೆ ಮಾಡಿ ಕುಡಿಸಿ, ನಂತರ ಒಂದರ ಮೇಲೊಂದು, ನಡುವೆ ನಯವಾದ ಮರಳು ಕಾಗದದಲ್ಲಿ ಉಜ್ಜುತ್ತಾ ಹೋಗಿ. ಇಡೀ ದೋಣಿಗೆ ವರ್ಷಕ್ಕೆ ಎರಡು ಕೋಟು ತಪ್ಪಿಸದಿದ್ದರೆ ಪೂರ್ತಿ ಕೆರೆಯುವ ಪ್ರಮೇಯವೇ ಬರುವುದಿಲ್ಲ. ಸೆಪ್ಟೆಂಬರ್ ದಾಟಿದ ಮೇಲೆ ಇಲ್ಲಿ ಇಬ್ಬನಿ ಬೇಗ ಇಳಿಯುತ್ತದೆ, ಮಧ್ಯಾಹ್ನ ಎರಡು ಗಂಟೆಯ ಮೇಲೆ ಬ್ರಷ್ ಮುಟ್ಟಬೇಡಿ.